ಎರಡಡಿ ಗಿಡದ ಟ್ಯಾಂಕಿಗೆ ಕಿಲ್ಲಿ ಮೀನು: ಕಲಬುರಗಿ ಬ್ಯಾಸಿಗಿ ತಡಿಯೋದು ಯಾವುದು?

ಫರ್ಸಿಮನಿ, ಕಲಬುರಗಿ:

ಟ್ಯಾಂಕ್ 60 × 30 × 36 ಸೆಂ.ಮೀ. ಅದ. ಮರಳು, ಕಟ್ಟಿಗಿ ಕಳದ್ರ ನೀರು ಸುಮಾರು 50 ಲೀಟರ್. ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೊಕೊರೈನ್ ವೆಂಡ್ಟಿ ಹಾಕಿ ಮೂರು ತಿಂಗಳಾಯ್ತು, ಚಲೋ ಬೇರು ಹಿಡಿದಾವ. ಸಿಒ2 ಇಲ್ಲ, ಫಿಲ್ಟರ್ ಅಂದ್ರ ಸ್ಪಂಜ್ ಒಂದೇ. ಕಿಲ್ಲಿಯೊಳಗ ನೋಥೋಬ್ರಾಂಕಿಯಸ್ ಕುಲದವು ಬ್ಯಾಡ, ಅವು ವರ್ಷ ತುಂಬೋದ್ರೊಳಗ ಮುಗೀತಾವ. ಎರಡು ವರ್ಷರ ಬಾಳೋ ಜಾತಿ ಬೇಕು.

ಬೋರ್ ನೀರಿನ ಟಿಡಿಎಸ್ (ಕರಗಿದ ಲವಣದ ಅಳತಿ) 800. ಅಡಗಿಮನ್ಯಾಗಿನ ಆರ್‌ಒ ನೀರು 40 ತೋರಸ್ತದ. ಹ್ವಾದ ಮೇದಾಗ ಇದೇ ಕ್ವಾಣ್ಯಾಗ ಇಟ್ಟ ಬಕೆಟ್ ನೀರು ಮಧ್ಯಾಹ್ನ 33 ಡಿಗ್ರಿ ಇತ್ತು. ಮೀನು ದೀಪಾವಳಿ ಮುಗಿದ ಮ್ಯಾಲೆ ತರಬೇಕಂತ ಅದ.

ಆಸ್ಟ್ರೇಲೆ, ಗಾರ್ಡ್ನೆರಿ, ಕ್ಲೌನ್ ಕಿಲ್ಲಿ, ಗೋಲ್ಡನ್ ವಂಡರ್, ಈ ನಾಕರಾಗ ಯಾವುದು ತರಲಿ? ಮನಿ ಕಟ್ಟಿದಾಗ ಉಳಿದ ಶಹಾಬಾದ್ ಕಲ್ಲಿನ ತುಂಡು ಭಾಳ ಅವ, ಜೋಡಿಸಿ ಗವಿ ಮಾಡಬಹುದಾ? ಮತ್ತ ಬ್ಯಾರೆ ಟ್ಯಾಂಕಿನ್ಯಾಗ ಆರು ನಿಯಾನ್ ಟೆಟ್ರಾ ಅವ, ಕೂಡಿಸಿದ್ರ ನಡೀತದ?

ಪಾಚಿಗಂಟು:

ಬಣ್ಣ ನೋಡಿ ಆರಿಸಿದರೆ ಎಲ್ಲರೂ ಆಸ್ಟ್ರೇಲೆಗೇ ಬೀಳುತ್ತಾರೆ. ನಿಮ್ಮ ಊರಿಗೆ ಅದು ಬೇಡ. ಮೊದಲು ಮೇ ತಿಂಗಳ ಶಾಖ, ಆಮೇಲೆ ನೀರಿನ ಗಡಸುತನ, ಬಣ್ಣ ಕೊನೆಗೆ. ಈ ಕ್ರಮದಲ್ಲಿ ನೋಡಿದರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಅಫಿಯೋಸೆಮಿಯಾನ್ ಆಸ್ಟ್ರೇಲೆ ಗಬಾನ್ ದೇಶದ ಕರಾವಳಿಯ ಮಳೆಕಾಡಿನ ನೆರಳಿನ ತೊರೆಗಳದ್ದು. 21ರಿಂದ 24 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ. 26 ದಾಟಿ ವಾರಗಟ್ಟಲೆ ನಿಂತರೆ ಮೇವು ಬಿಡುತ್ತದೆ, ರೆಕ್ಕೆ ಮಡಚುತ್ತದೆ, ಬೇಗ ಮುದಿಯಾಗುತ್ತದೆ. ಎ.ಸಿ. ಕೋಣೆ ಇಲ್ಲದಿದ್ದರೆ ಮರೆತುಬಿಡಿ.

ಕ್ಲೌನ್ ಕಿಲ್ಲಿ, ಅಂದರೆ ಎಪಿಪ್ಲಾಟಿಸ್ ಆನುಲೇಟಸ್, ಬೆಳೆದರೂ ಮೂರೂವರೆ ಸೆಂ.ಮೀ. ಅಷ್ಟೆ. ನಿಮ್ಮ ಅಳತೆಯ ಟ್ಯಾಂಕಿಗೆ ಎಂಟು–ಹತ್ತು ಸೇರುತ್ತವೆ, ಚೆರ್ರಿ ಸೀಗಡಿಗಳ ಜೊತೆಗೂ ಹೊಂದುತ್ತವೆ. ಆದರೆ ಮೆದುನೀರು ಬೇಕೇ ಬೇಕು. ಬಾಯಿ ಎಷ್ಟು ಸಣ್ಣದೆಂದರೆ ಅಂಗಡಿಯ ಪೆಲೆಟ್ ಒಳಗೇ ಹೋಗುವುದಿಲ್ಲ. ದಿನಾ ಸಣ್ಣ ಜೀವಂತ ಮೇವು ಕೊಡಲು ಆಗುತ್ತದೆಯೇ ಎಂದು ಯೋಚಿಸಿ.

ಗೋಲ್ಡನ್ ವಂಡರ್ ಎಂದು ಮಾರುವುದು ನಮ್ಮ ಪಶ್ಚಿಮ ಘಟ್ಟದ ಕಡೆಯ ಅಪ್ಲೋಕೀಲಸ್ ಲಿನಿಯೇಟಸ್‌ನ ಚಿನ್ನದ ಬಣ್ಣದ ತಳಿ. ಶಾಖ ತಡೆಯುತ್ತದೆ, ಗಡಸು ನೀರೂ ತಡೆಯುತ್ತದೆ, ಒಣ ಮೇವೂ ತಿನ್ನುತ್ತದೆ. ತೊಂದರೆ ಇರುವುದು ಗಾತ್ರದಲ್ಲಿ: 10 ಸೆಂ.ಮೀ. ಬೆಳೆಯುತ್ತದೆ, ಬಾಯಿ ಅಗಲ. ನಿಯಾನ್‌ಗಳು ಅದಕ್ಕೆ ಊಟ. ಕತ್ತಲಾದ ಮೇಲೆ ದಿನಕ್ಕೊಂದು ಮಾಯವಾಗುತ್ತದೆ, ನೀವು ಫಿಲ್ಟರ್ ಮೇಲೆ ಅನುಮಾನ ಪಡುತ್ತಿರುತ್ತೀರಿ. ಎರಡಡಿಯಲ್ಲಿ ಒಂದು ಜೋಡಿ ಮಾತ್ರ, ಬೇರೆ ಸಣ್ಣ ಮೀನು ಇಲ್ಲದೆ.

ಉಳಿದದ್ದು ಫಂಡುಲೋಪ್ಯಾಂಕಾಕ್ಸ್ ಗಾರ್ಡ್ನೆರಿ. ನೈಜೀರಿಯಾ, ಕ್ಯಾಮರೂನ್ ಕಡೆಯದು, 6–7 ಸೆಂ.ಮೀ., ಕಿಲ್ಲಿಗಳಲ್ಲಿ ಗಟ್ಟಿ ಜೀವ. 22ರಿಂದ 26 ಒಳ್ಳೆಯದು, ಗಾಳಿ ಚೆನ್ನಾಗಿ ಆಡುತ್ತಿದ್ದರೆ 28ರವರೆಗೆ ಕೆಲವು ವಾರ ತಳ್ಳುತ್ತದೆ. ಒಂದು ಗಂಡಿಗೆ ಎರಡು–ಮೂರು ಹೆಣ್ಣು ತನ್ನಿ. ಒಂದೇ ಜೋಡಿ ಬಿಟ್ಟರೆ ಗಂಡು ಅಟ್ಟಿಸಿ ಅಟ್ಟಿಸಿ ಹೆಣ್ಣನ್ನು ಮೂಲೆಗೆ ಒತ್ತಿಬಿಡುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ಹೇಳುತ್ತೇನೆ: ಅಪ್ಲೋಕೀಲಸ್ ಬ್ಲಾಕಿ. ಆ ಕುಲದಲ್ಲೇ ಚಿಕ್ಕದು, 5 ಸೆಂ.ಮೀ. ಸುತ್ತಮುತ್ತ. ಕೇರಳ ಕಡೆಯ ಬಿಸಿ ಬಯಲಿನ ನಿಂತ ನೀರಿನದು. ಮೈತುಂಬ ಹಸಿರು-ಚಿನ್ನದ ಚುಕ್ಕೆಯ ಸಾಲು. ಆರು–ಎಂಟು ಒಟ್ಟಿಗೆ ಇಟ್ಟರೆ ತೇಲುಗಿಡದ ನೆರಳಿನಲ್ಲಿ ಮಿನುಗುತ್ತವೆ. ಅಂಗಡಿಯಲ್ಲಿ ಅಪರೂಪ, ಕಿಲ್ಲಿ ಸಾಕುವವರ ಕೈಯಲ್ಲಿ ಸಿಗುತ್ತದೆ. ಸಿಕ್ಕರೆ ಅದೇ, ಸಿಗದಿದ್ದರೆ ಗಾರ್ಡ್ನೆರಿ.

ಜಂಬಿಟ್ಟಿಗೆ, ಬೀದರ್:

ಶಹಾಬಾದ್ ಕಲ್ಲು ಖರೇನೆ ಹಾಕಬ್ಯಾಡ್ರಿ. ಅದು ಸುಣ್ಣಕಲ್ಲು. ಒಂದು ತುಂಡಿನ ಮ್ಯಾಲೆ ಬಿಳಿ ವಿನೆಗರ್ ಎರಡು ಹನಿ ಬಿಡ್ರಿ, ಬುರುಗು ಏಳೋದು ಕಾಣ್ತದ. ಆರ್‌ಒ ಬೆರಸಿ ಮೆದು ಮಾಡಿದ ನೀರಿನ್ಯಾಗ ಅದು ಮೆಲ್ಲಕ ಕರಗಿ ಗಡಸುತನ ಮತ್ತ ಏರಸ್ತದ. ಒಂದು ಕೈಲೆ ಇಳಸೋದು, ಇನ್ನೊಂದು ಕೈಲೆ ಏರಸೋದು ಆಗ್ತದ. ಬದಲಿಗಿ ಕರಿಕಲ್ಲು ಹಾಕ್ರಿ. ಅದರಾಗೂ ಬಿಳಿ ಚುಕ್ಕಿ, ಬಿಳಿ ಗೆರಿ ಇದ್ರ ಸರಿಯಾಗಿ ಆ ಚುಕ್ಕಿ ಮ್ಯಾಲೇ ವಿನೆಗರ್ ಬಿಟ್ಟು ನೋಡ್ರಿ. ನಮ್ಮ ಕಡಿ ಕರಿಕಲ್ಲಿನ ತೂತಿನ್ಯಾಗ ಸುಣ್ಣದ ಹರಳು ಕುಂತಿರ್ತಾವ. ಮರಳಿಗೂ ಇದೇ ಪರೀಕ್ಷೆ, ಹೊಳಿ ಮರಳಿನ್ಯಾಗ ಚಿಪ್ಪಿನ ಚೂರು ಇರ್ತಾವ.

ಕೇಳಿಲ್ಲ, ಆದ್ರೂ ಹೇಳ್ತೀನಿ: ಗಿಡಕ್ಕ ಅಂತ ಹೊಲದ ಎರಿ ಮಣ್ಣು ತುಂಬಬ್ಯಾಡ್ರಿ. ಉಬ್ಬಿ ನೀರು ರಾಡಿ ಮಾಡ್ತದ, ಅದರಾಗೂ ಸುಣ್ಣದ ಗಂಟು ಇರ್ತಾವ. ಬೀದರ್ ಕಡಿ ಕೆಂಪು ಮಣ್ಣಿನ್ಯಾಗ ಕಬ್ಬಿಣ ಅದ, ಕ್ರಿಪ್ಟೊಕೊರೈನ್ ಬೇರಿಗೆ ಚಲೋ. ಗೊಬ್ಬರ ಬೀಳದ ಜಾಗದ್ದು ತಂದು, ನಾಕೈದು ಸಲ ತೊಳದು, ತೇಲೋ ಕಸ ತಗದು, ಬೇರಿನ ಬುಡಕ್ಕ ಒಂದು ಸೆಂ.ಮೀ. ಮಾತ್ರ. ಮ್ಯಾಲೆ ಮರಳು ನಾಕು ಸೆಂ.ಮೀ. ಈಗ ನಿಂತ ಟ್ಯಾಂಕ್ ಕೆದಕಬ್ಯಾಡ್ರಿ, ಮುಂದಿನ ಸಲಕ್ಕ ಇರಲಿ.

ನೀರಿನ ಲೆಕ್ಕ: ಬೋರ್ ಒಂದು ಪಾಲು, ಆರ್‌ಒ ಮೂರು ಪಾಲು ಬೆರಸಿದ್ರ (800 + 120) ÷ 4 = 230. ಬ್ಲಾಕಿ, ಗಾರ್ಡ್ನೆರಿ ಎರಡಕ್ಕೂ ಸಾಕು. ಕ್ಲೌನ್ ಕಿಲ್ಲಿ ತರೋದಿದ್ರ ಒಂದಕ್ಕ ಆರು, ಸುಮಾರು 150 ಬರ್ತದ. ಬರೇ ಆರ್‌ಒ ತುಂಬಿದ್ರ ಪಿಎಚ್ ಹಿಡಿದು ನಿಲ್ಲಸೋ ಶಕ್ತಿ ನೀರಿಗಿ ಇರಂಗಿಲ್ಲ, ಒಂದಿನ ಧಪ್ಪಂತ ಬೀಳ್ತದ.

ಫರ್ಸಿಮನಿ, ಕಲಬುರಗಿ:

ಇಬ್ಬರಿಗೂ ಧನ್ಯವಾದ. ಕಲ್ಲು ಹೊರಗ ಹ್ವಾದ್ವು. ನಿಯಾನ್ ಅಲ್ಲೇ ಇರ್ಲಿ. ಈಗ ಒಂದು ಗೊಂದಲ: ಕಿಲ್ಲಿ ಜಿಗಿತಾವ, ಗಾಜಿನ ಮುಚ್ಚಳ ಬೇಕು ಅಂತಾರ. ಬ್ಯಾಸಿಗ್ಯಾಗ ಫ್ಯಾನ್ ಹಚ್ಚಬೇಕಂದ್ರ ಮ್ಯಾಲೆ ತೆರೆದಿರಬೇಕು. ಎರಡೂ ಹ್ಯಾಂಗ ಆಗ್ತದ?

ಪಾಚಿಗಂಟು:

ಗಾಜು ಬೇಡ, ಜಾಳಿ ಹಾಕಿ. ಕಿಟಕಿಗೆ ಬಡಿಯುವ ನೈಲಾನ್ ಸೊಳ್ಳೆ ಜಾಳಿ ಸಾಕು. ಚೌಕಟ್ಟಿಗೆ ವೈರಿಂಗಿನ ಒಂದಿಂಚಿನ ಪಿವಿಸಿ ಪಟ್ಟಿ (ಕೆಳಪಟ್ಟಿ, ಅದರ ಮೇಲೆ ಕೂರುವ ಮೇಲ್ಪಟ್ಟಿ ಇರುವಂಥದ್ದು) ತನ್ನಿ. ಕೆಳಪಟ್ಟಿಯ ಮೇಲೆ ಜಾಳಿ ಹಾಸಿ ಮೇಲ್ಪಟ್ಟಿ ಒತ್ತಿದರೆ ಜಾಳಿ ನಡುವೆ ಕಚ್ಚಿಕೊಳ್ಳುತ್ತದೆ, ಅಂಟು ಬೇಕಿಲ್ಲ. ಸಡಿಲ ಬಿಡಬೇಡಿ, ತಬಲಾದಂತೆ ಬಿಗಿಯಾಗಿರಲಿ. ಏರ್ ಪೈಪು, ಸೆನ್ಸರ್ ವೈರು ಒಳಹೋಗುವ ಮೂಲೆಯಲ್ಲಿ ಸ್ಪಂಜ್ ತುರುಕಿ. ಗಾರ್ಡ್ನೆರಿ ತನ್ನ ಮೈ ತೂರುವಷ್ಟೇ ಜಾಗ ಹುಡುಕಿ ಹಾರುತ್ತದೆ, ಅದೂ ನೀರು ಬದಲಿಸಿದ ರಾತ್ರಿಯೇ. ನೀರು ಅಂಚಿಗಿಂತ 5 ಸೆಂ.ಮೀ. ಕೆಳಗಿರಲಿ. ತೇಲುಗಿಡ ಅರ್ಧ ಮೇಲ್ಮೈ ಮುಚ್ಚಿದ್ದರೆ ಹಾರುವುದು ಬಹಳ ಕಡಿಮೆಯಾಗುತ್ತದೆ. ಸಾಲ್ವಿನಿಯಾ ಆದೀತು, ವಾಟರ್ ಸ್ಪ್ರೈಟ್ ಇನ್ನೂ ಒಳ್ಳೆಯದು.

ಫ್ಯಾನು: 12 ವೋಲ್ಟಿನ, 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಎರಡು, ಜಾಳಿಯ ಮೇಲೆ ಓರೆಯಾಗಿ, ಗಾಳಿ ನೀರಿನ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಎಸ್‌ಟಿಸಿ-1000 ತಾಪಮಾನ ನಿಯಂತ್ರಕದಲ್ಲಿ ಫ್ಯಾನ್ ಅಡಾಪ್ಟರನ್ನು ಕೂಲಿಂಗ್ ಕಡೆಗೆ ಜೋಡಿಸಿ, 27 ಡಿಗ್ರಿ, ಒಂದು ಡಿಗ್ರಿ ಅಂತರ ಇಡಿ. ನಿಮ್ಮ ಕಡೆಯ ಒಣ ಗಾಳಿಗೆ ನೀರು ಮೂರು–ನಾಲ್ಕು ಡಿಗ್ರಿ ಇಳಿಯುತ್ತದೆ. ಆದರೂ 33ರಿಂದ 29 ಅಷ್ಟೇ, ಗಾರ್ಡ್ನೆರಿಗೆ ಇನ್ನೂ ಹೆಚ್ಚು. ಬ್ಲಾಕಿ ಮುಂದೆ ನಿಲ್ಲುವುದು ಇಲ್ಲೇ. ಅದೇ ಕೋಣೆಯಲ್ಲಿ ನೀರಿನ ಕೂಲರ್ ಓಡಿದರೆ ಗಾಳಿ ತೇವವಾಗಿ ಫ್ಯಾನಿನ ಕೆಲಸ ಕುಗ್ಗುತ್ತದೆ, ಆದರೆ ಕೋಣೆಯೇ ತಣ್ಣಗಾಗುವುದರಿಂದ ಲಾಭವೇ. ಅರ್ಧ ಲೀಟರ್ ನೀರು ಹೆಪ್ಪುಗಟ್ಟಿಸಿದ ಬಾಟಲಿ 50 ಲೀಟರನ್ನು ಸುಮಾರು ಒಂದೇ ಡಿಗ್ರಿ ಇಳಿಸುತ್ತದೆ. ಕರೆಂಟ್ ಹೋದ ಮಧ್ಯಾಹ್ನಕ್ಕೆ ಸರಿ, ದಿನಚರಿಗೆ ಅಲ್ಲ. ಏರ್ ಪಂಪನ್ನು ಇನ್ವರ್ಟರ್ ಲೈನಿಗೆ ಹಾಕಿ. ಬಿಸಿನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ.

ಫ್ಯಾನಿನಿಂದ ದಿನಕ್ಕೆ ಒಂದೂವರೆ ಲೀಟರ್ ಆರಿತು ಎಂದುಕೊಳ್ಳಿ. ಆರುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಅದನ್ನು ಬೋರ್ ನೀರಿನಿಂದ ತುಂಬಿದರೆ ದಿನಕ್ಕೆ 24ರಂತೆ ತಿಂಗಳಿಗೆ 720 ಟಿಡಿಎಸ್ ಏರುತ್ತದೆ. ಆರ್‌ಒ ನೀರಾದರೆ ತಿಂಗಳಿಗೆ 36. ಆರಿದ ನೀರಿಗೆ ಬರೀ ಆರ್‌ಒ, ವಾರಕ್ಕೊಮ್ಮೆ ಶೇ. 20 ಬದಲಿಸುವಾಗ ಮಾತ್ರ ಬೆರಕೆ ನೀರು. ಬೇಸಿಗೆಯಲ್ಲಿ ನೀರು ಗಡಸಾಗಿ ಸಾಯುವ ಮೀನುಗಳನ್ನು ಜನ ಶಾಖಕ್ಕೆ ಸತ್ತವು ಎಂದುಕೊಳ್ಳುತ್ತಾರೆ.

ಸೀಗಡಿಹಳ್ಳ, ಯಾದಗಿರಿ:

ಬೆರಕೆ ನೀರನ್ನೂ ಮಾಳಗಿ ಮ್ಯಾಲಿನ ಟಾಕಿಯಿಂದ ಸೀದಾ ಹಾಕಬ್ಯಾಡ್ರಿ, ಮೇದಾಗ ಆ ನೀರು ಕೈ ಸುಡ್ತದ. ರಾತ್ರಿ ಬಕೆಟಿನ್ಯಾಗ ಹಿಡಿದಿಟ್ಟು ಮುಂಜಾನಿ ಹಾಕ್ರಿ. ಕಾರ್ಪೊರೇಷನ್ ನಳದ ನೀರಾದ್ರ ಆಂಟಿ-ಕ್ಲೋರಿನ್ ಹನಿ ಬೇಕು.

ಒಂದು ಮಾತಿಗಿ ಒಪ್ಪಂಗಿಲ್ಲ. ಗಾರ್ಡ್ನೆರಿಗೆ 230ಕ್ಕ ಇಳಸೋ ಜರೂರಿ ಇಲ್ಲ, 350–400 ಇದ್ರೂ ನಡೀತದ. ಭಾಳ ಮೆದು ನೀರಿನ್ಯಾಗ ಕಿಲ್ಲಿಗೆ ವೆಲ್ವೆಟ್ ರೋಗ ಜಲ್ದಿ ಹತ್ತತದ. ಟಾರ್ಚ್ ಅಡ್ಡ ಹಿಡಿದು ನೋಡ್ರಿ: ಮೈ ಮ್ಯಾಲೆ ಅರಿಶಿಣ ಪುಡಿ ಉದುರಿಸಿದಂಗ ಕಂಡ್ರ, ಮೀನು ಎಲಿಗೆ ಮೈ ತಿಕ್ಕಿದ್ರ ಅದೇ. ಗಿಡದ ಟ್ಯಾಂಕಿಗೆ ಉಪ್ಪು ಹಾಕಬ್ಯಾಡ್ರಿ, ಕೆಲವು ಗಿಡಕ್ಕ ಪೆಟ್ಟು ಬೀಳ್ತದ. ಮೀನು ಬ್ಯಾರೆ ಡಬ್ಬಿಗಿ ತಗದು, ನಾಕು ಲೀಟರಿಗೆ ಒಂದು ಚಹಾ ಚಮಚ ಅಯೋಡಿನ್ ಇಲ್ಲದ ಉಪ್ಪು, ಡಬ್ಬಿ ಸುತ್ತ ಕರಿ ಬಟ್ಟಿ. ಬೆಳಕು ಇಲ್ಲದ್ರ ಆ ರೋಗ ತರೋ ಸೂಕ್ಷ್ಮಜೀವಿ ಸೊರಗತದ. ಹೊಸ ಮೀನೂ ಮೊದಲು ಮೂರು ವಾರ ಬ್ಯಾರೆ ಡಬ್ಬ್ಯಾಗೇ ಇಡ್ರಿ.

ಮೇವು: ಆರ್ಟಿಮಿಯಾ (ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ) ಮರಿ ಮಾಡೋದು ಸಸ್ತಾ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಅರ್ಧ ಚಮಚ ತತ್ತಿ, ಗಾಳಿ ಪೈಪು, ಬೆಳಕು. ನಮ್ಮ ಕಡಿ 24 ತಾಸಿನ್ಯಾಗ ಒಡೀತಾವ. ಸೊಳ್ಳಿ ಮರಿ ಕಿಲ್ಲಿಗೆ ಪಂಚಪಕ್ವಾನ್ನ, ಆದ್ರ ಗಟಾರದ್ದು ಬ್ಯಾಡ. ಮುಚ್ಚಿದ ಡಬ್ಬ್ಯಾಗ ಸಾಕಿದ್ರೂ ಎರಡು ದಿನದೊಳಗ ತಿನ್ನಸ್ರಿ, ಇಲ್ಲಂದ್ರ ಓಣಿಗೆಲ್ಲ ಡೆಂಗಿ ಹಂಚಿದಂಗ.

ಫರ್ಸಿಮನಿ, ಕಲಬುರಗಿ:

ಬ್ಲಾಕಿ ಹುಡಕ್ತೀನಿ. ತತ್ತಿ ಇಟ್ರ ಗಿಡದಾಗೇ ಬಿಡಲಿ, ತಗೀಲಿ?

ಸೀಗಡಿಹಳ್ಳ, ಯಾದಗಿರಿ:

ಬಿಟ್ರ ದೊಡ್ಡವು ಮರಿ ತಿಂತಾವ. ಮೀನು ತತ್ತಿ ಇಡಾಕ ದಾರದ ಗೊಂಡೆ ಮಾಡ್ರಿ. ಕಡು ಹಸಿರು ಅಕ್ರಿಲಿಕ್ ದಾರ ತರ್ರಿ, ಖರೇ ಉಣ್ಣೆ ಬ್ಯಾಡ, ಕೊಳೀತದ. 20 ಸೆಂ.ಮೀ. ಪುಸ್ತಕಕ್ಕ ನಲವತ್ತು ಸುತ್ತು ಸುತ್ತಿ, ಒಂದು ತುದಿ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿ ಕತ್ತರಸ್ರಿ. ಬಣ್ಣ ಬಿಡೋದು ನಿಲ್ಲೋ ತನಕ ಕುದಿಸಿ ಹಿಂಡ್ರಿ. ಕಟ್ಟಿದ ತುದಿಗೆ ಥರ್ಮಾಕೋಲ್ ತುಂಡು, ತೇಲಲಿ. ಎರಡು ದಿನಕ್ಕೊಮ್ಮೆ ಹೊರತಗದು ಮೆಲ್ಲಕ ಹಿಂಡಿ ಬೆರಳಿಲೆ ತಡವಿದ್ರ ತತ್ತಿ ಸಾಬುದಾಣಿ ನುಚ್ಚಿನಂಗ ಹತ್ತತಾವ. ಗಟ್ಟಿ ಇರ್ತಾವ, ಒಡೆಯಂಗಿಲ್ಲ. ಟ್ಯಾಂಕಿನ ನೀರೇ ಎರಡು ಬೆರಳು ಹಾಕಿದ ಡಬ್ಬ್ಯಾಗ ಇಟ್ಟು, ಬೂಸ್ಟು ತಡಿಯೋ ಮಿಥಿಲೀನ್ ಬ್ಲೂ ಔಷಧ, ನೀರು ತಿಳಿ ನೀಲಿ ಆಗೋವಷ್ಟು ಹಾಕ್ರಿ. ಬಿಳಿ ಆದದ್ದು ದಿನಾ ತಗದು ಚೆಲ್ರಿ, ಇಲ್ಲಂದ್ರ ಬೂಸ್ಟು ಪಕ್ಕದ್ದಕ್ಕೂ ಹಬ್ಬತದ. ಮೊದಲು ತತ್ತಿಯೊಳಗ ಕಣ್ಣು ಎರಡು ಕರಿ ಚುಕ್ಕಿ ಆಗಿ ಕಾಣ್ತಾವ, ಆಮ್ಯಾಲೆ ಸುಮಾರು ಎರಡು ವಾರಕ್ಕ ಒಡೀತಾವ.