ದನದ ಮಾಂಸ ಮತ್ತು ತರಕಾರಿಯ ಸೂಪ್: ಎರಡೂ ಹದವಾಗಿ ಬೇಯಲು ಏನು ಮಾಡುತ್ತೀರಿ?

ಪ್ರಶ್ನೆ: ದನದ ಮಾಂಸ ಮತ್ತು ತರಕಾರಿ ಹಾಕಿ ಸೂಪ್ ಮಾಡಿದಾಗಲೆಲ್ಲ ಮಾಂಸ ನಾರುನಾರಾಗಿ ಗಟ್ಟಿಯಾಗಿಯೇ ಉಳಿಯುತ್ತದೆ, ಆಲೂಗೆಡ್ಡೆ ಕರಗಿಹೋಗುತ್ತದೆ, ರಸ ನೀರುನೀರಾಗಿರುತ್ತದೆ. ಹೊಟ್ಟೆ ತುಂಬುವಂಥ ಸೂಪ್ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಒಬ್ಬರ ಉತ್ತರ: ಮಾಂಸಕ್ಕೂ ತರಕಾರಿಗೂ ಬೇಯಲು ಬೇಕಾದ ಹೊತ್ತು ಬೇರೆ ಬೇರೆ, ಎರಡನ್ನೂ ಒಟ್ಟಿಗೆ ಹಾಕಿದರೆ ಒಂದಲ್ಲ ಒಂದು ಕೆಡುವುದು ಖಂಡಿತ. ಸೂಪಿಗೆ ಮೆತ್ತನೆಯ ದುಬಾರಿ ತುಂಡು ಬೇಡ, ಕಾಲಿನ ಅಥವಾ ಹೆಗಲಿನ ಮಾಂಸವನ್ನೇ ಆರಿಸಿಕೊಳ್ಳಿ. ಈ ಭಾಗಗಳಲ್ಲಿ ಹೇರಳವಾಗಿರುವ ಕೊಲಾಜನ್ (ಮಾಂಸದ ಎಳೆಗಳನ್ನು ಹಿಡಿದಿಡುವ ಗಟ್ಟಿ ಪ್ರೋಟೀನ್) ನಿಧಾನವಾದ ಉರಿಯಲ್ಲಿ ಗಂಟೆಗಟ್ಟಲೆ ಬೆಂದು ಜೆಲಟಿನ್ ಎಂಬ ಮೆದುವಾದ ಅಂಟು ಪದಾರ್ಥವಾಗಿ ಕರಗುವುದರಿಂದ ಮಾಂಸವೂ ಮೆದುವಾಗುತ್ತದೆ, ರಸಕ್ಕೂ ತುಟಿಗೆ ಅಂಟುವಂಥ ಮಂದತೆ ಬರುತ್ತದೆ. ಒಂದು ಕಿಲೋ ಮಾಂಸಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕು. ರಸ ಕೊತಕೊತ ಕುದಿಯಬಾರದು, ಮೇಲೆ ಆಗೊಂದು ಈಗೊಂದು ಗುಳ್ಳೆ ಏಳುವಂತಿರಬೇಕು. ಜೋರಾಗಿ ಕುದಿಸಿದರೆ ಮಾಂಸದ ಎಳೆಗಳು ಬಿಗಿದುಕೊಂಡು ಒಣಗುತ್ತವೆ, ಕೊಬ್ಬು ರಸದೊಳಗೆ ಒಡೆದು ಬೆರೆತು ಬಗ್ಗಡವಾಗುತ್ತದೆ. ಎರಡರಿಂದ ಎರಡೂವರೆ ಗಂಟೆಯ ನಂತರ ಚಮಚದಿಂದ ಒತ್ತಿದರೆ ತುಂಡು ಬಿಡಿಸಿಕೊಳ್ಳುವಂತಾದಾಗ ಮಾತ್ರ ತರಕಾರಿಯ ಸರದಿ.

ಇನ್ನೊಬ್ಬರು: ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಆದರೆ ನೀರು ಹಾಕುವ ಮುಂಚಿನ ಕೆಲಸವೇ ರುಚಿಯ ಅಡಿಪಾಯ ಎಂಬುದು ನನ್ನ ಅನುಭವ. ತುಂಡುಗಳ ತೇವವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ದಪ್ಪ ತಳದ ಪಾತ್ರೆಯಲ್ಲಿ ಬಿಸಿ ಎಣ್ಣೆಗೆ ಸ್ವಲ್ಪಸ್ವಲ್ಪವಾಗಿ ಹಾಕಿ, ಒಂದೊಂದು ಬದಿಯೂ ಗಾಢ ಕಂದು ಬಣ್ಣಕ್ಕೆ ತಿರುಗುವವರೆಗೆ ಕದಲಿಸದೆ ಬಿಡಿ. ಒಮ್ಮೆಲೇ ಎಲ್ಲವನ್ನೂ ತುಂಬಿದರೆ ಮಾಂಸ ನೀರು ಬಿಟ್ಟು ತನ್ನ ಹಬೆಯಲ್ಲೇ ಬೇಯುತ್ತದೆಯೇ ಹೊರತು ಬಣ್ಣ ಬರುವುದಿಲ್ಲ. ಬಳಿಕ ಅದೇ ಪಾತ್ರೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಸೆಲರಿಯನ್ನು ಬಾಡಿಸಿ, ಸ್ವಲ್ಪ ನೀರು ಚಿಮುಕಿಸಿ, ತಳಕ್ಕೆ ಕಚ್ಚಿಕೊಂಡಿದ್ದನ್ನೆಲ್ಲ ಮರದ ಸೌಟಿನಿಂದ ಕೆರೆದು ಬಿಡಿಸಿಕೊಳ್ಳಿ. ದಯವಿಟ್ಟು ಅದನ್ನು ತೊಳೆದು ಚೆಲ್ಲಬೇಡಿ, ಸೂಪಿನ ಅರ್ಧ ರುಚಿ ಅಲ್ಲೇ ಇರುತ್ತದೆ.

ಮತ್ತೊಬ್ಬರು: ತರಕಾರಿಯ ಕ್ರಮ ಹೀಗಿರಲಿ. ದಪ್ಪನಾಗಿ ಹೆಚ್ಚಿದ ಕ್ಯಾರೆಟ್ ಮತ್ತು ಆಲೂಗೆಡ್ಡೆಗೆ ಕೊನೆಯ 25ರಿಂದ 30 ನಿಮಿಷ, ಬೀನ್ಸಿಗೆ 10 ನಿಮಿಷ, ಹಸಿ ಬಟಾಣಿಗೆ 5 ನಿಮಿಷ ಸಾಕು. ಹುಳಿ ಇರುವೆಡೆ ತರಕಾರಿ ಬೇಗ ಮೆದುವಾಗುವುದಿಲ್ಲ, ಆದ್ದರಿಂದ ಟೊಮೆಟೊ ಹೆಚ್ಚು ಹಾಕುವವರು ಆಲೂಗೆಡ್ಡೆಗೆ ಇನ್ನಷ್ಟು ಹೊತ್ತು ಕೊಡಬೇಕು. ಬೇಯುತ್ತಾ ರಸ ಇಂಗುವುದರಿಂದ ಉಪ್ಪನ್ನು ಮೊದಲು ಕಡಿಮೆ ಹಾಕಿ, ಕೊನೆಯಲ್ಲಿ ರುಚಿ ನೋಡಿ ಸರಿಪಡಿಸಿ. ಇಳಿಸಿದ ಮೇಲೆ ಒಂದು ಚಮಚ ನಿಂಬೆರಸ ಬೆರೆಸಿದರೆ ಕೊಬ್ಬಿನ ಭಾರ ಕಡಿಮೆಯಾದಂತೆ ಅನಿಸುತ್ತದೆ.

ಕೊನೆಯದಾಗಿ ಬಂದ ಉತ್ತರ: ಸಮಯವಿಲ್ಲದಿದ್ದರೆ ಮಾಂಸವನ್ನಷ್ಟೇ ಪ್ರೆಶರ್ ಕುಕ್ಕರಿನಲ್ಲಿ 40 ನಿಮಿಷ ಬೇಯಿಸಿ, ತರಕಾರಿಯನ್ನು ಆಮೇಲೆ ತೆರೆದ ಪಾತ್ರೆಯಲ್ಲಿ ಸೇರಿಸಿ. ಉಳಿದ ಸೂಪನ್ನು ಅಗಲವಾದ ಪಾತ್ರೆಗಳಿಗೆ ಹಂಚಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಮೂರು ದಿನದೊಳಗೆ ಮುಗಿಸಿ. ಮರುದಿನ ಮೇಲೆ ಹೆಪ್ಪುಗಟ್ಟಿರುವ ಕೊಬ್ಬನ್ನು ಬೇಕಾದಷ್ಟು ತೆಗೆದು ಚೆನ್ನಾಗಿ ಕುದಿ ಬರಿಸಿ ಬಡಿಸಬಹುದು. ಫ್ರೀಜರಿನಲ್ಲಿಡುವ ಉದ್ದೇಶವಿದ್ದರೆ ಆಲೂಗೆಡ್ಡೆ ಹಾಕುವ ಮೊದಲೇ ಆ ಪಾಲನ್ನು ತೆಗೆದಿಡಿ, ಏಕೆಂದರೆ ಹೆಪ್ಪುಗಟ್ಟಿ ಕರಗಿದ ಆಲೂಗೆಡ್ಡೆ ತರಿತರಿಯಾಗುತ್ತದೆ.