ಬಣ್ಣದ ಹಾಳೆ ಇಟ್ಟು ಓದಿಸಿದರೆ ಉಪಯೋಗ ಇದೆಯಾ?

ಬದಿಯಡ್ಕದ ಅಮ್ಮ:
ಮಗ ನಾಲ್ಕನೇ ಕ್ಲಾಸ್, ಕನ್ನಡ ಮೀಡಿಯಂ. ಕಥೆ ಕೇಳಿದರೆ ಪೂರ್ತಿ ನೆನಪಿಟ್ಟು ಹೇಳುತ್ತಾನೆ. ಓದಲು ಕೂತರೆ ಮಾತ್ರ ತಡವರಿಸುತ್ತಾನೆ. 'ಮ'ವನ್ನು 'ಯ' ಅನ್ನುತ್ತಾನೆ, ಒತ್ತಕ್ಷರ ಬಿಟ್ಟೇ ಬಿಡುತ್ತಾನೆ, ಸಾಲು ತಪ್ಪುತ್ತದೆ. ಮಲಯಾಳ ಪುಸ್ತಕದಲ್ಲೂ ಹಾಗೇ. ಪುಟದ ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟರೆ ಸರಿಹೋಗುತ್ತದೆ ಅಂತ ವಿಡಿಯೋ ನೋಡಿದೆ. ಬಣ್ಣದ ಕನ್ನಡಕಕ್ಕೆ ತುಂಬಾ ದುಡ್ಡು ಹೇಳುತ್ತಾರೆ. ಮಾಡಿಸಬಹುದಾ?

ಉಪ್ಪಳದ ಅಪ್ಪ:
ನಮ್ಮ ಮಗಳಿಗೆ ಬಿಳಿ ಪುಟ ಕಣ್ಣಿಗೆ ಕುಕ್ಕುತ್ತಿತ್ತು. ತಿಳಿ ಹಳದಿ ಹಾಳೆ ತಂದು ಕೊಟ್ಟೆ. ಆರಾಮ ಅನ್ನುತ್ತಾಳೆ. ಆದರೆ ತಪ್ಪು ಓದುವುದು ಕಮ್ಮಿಯಾಗಿಲ್ಲ.

ಕುಂಬಳೆ ಟೀಚರ್:
ಅಕ್ಕಾ, ಆ ಕನ್ನಡಕಕ್ಕೆ ದಯವಿಟ್ಟು ದುಡ್ಡು ಹಾಕಬೇಡಿ. ಈ ಬಣ್ಣದ ವಿಚಾರ ಶುರುವಾದದ್ದು 1980ರ ದಶಕದಲ್ಲಿ. ನ್ಯೂಜಿಲೆಂಡಿನ ಆಲಿವ್ ಮಿಯರ್ಸ್, ಅಮೆರಿಕದ ಹೆಲೆನ್ ಅರ್ಲೆನ್ ಇದನ್ನು ಮುಂದಿಟ್ಟವರು. ಆದರೆ ಡಿಸ್ಲೆಕ್ಸಿಯಾಕ್ಕೆ (ಮಗು ಚುರುಕಾಗಿದ್ದರೂ ಓದು, ಬರಹ ಕಷ್ಟವಾಗುವ ತೊಡಕು) ಬಣ್ಣದ ಗ್ಲಾಸಿನಿಂದ ಪ್ರಯೋಜನ ಅನ್ನಲು ಪುರಾವೆ ಇಲ್ಲ ಅಂತ ಅಮೆರಿಕದ ಮಕ್ಕಳ ಡಾಕ್ಟರುಗಳ ಮತ್ತು ಕಣ್ಣಿನ ಡಾಕ್ಟರುಗಳ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಡಿಸ್ಲೆಕ್ಸಿಯಾದಲ್ಲಿ ತೊಡಕಿರುವುದು ಹೆಚ್ಚಾಗಿ ಅಕ್ಷರಕ್ಕೂ ಸದ್ದಿಗೂ ನಂಟು ಕೂಡಿಸುವಲ್ಲಿ. ಪುಟದ ಬಣ್ಣ ಬದಲಾದರೆ ಆ ನಂಟು ಬರುವುದಿಲ್ಲ.

ಹಾಳೆಯಿಂದ ಕಣ್ಣಿಗೆ ಹಿತ ಅನಿಸಿದರೆ ಇಟ್ಟುಕೊಳ್ಳಲಿ, ತೊಂದರೆಯಿಲ್ಲ. ಪರೀಕ್ಷಿಸಬೇಕಾದರೆ ಒಂದೇ ಮಟ್ಟದ ಎರಡು ಬೇರೆ ಪಾಠ ತೆಗೆದುಕೊಳ್ಳಿ. ಒಂದನ್ನು ಹಾಳೆ ಇಟ್ಟು, ಇನ್ನೊಂದನ್ನು ಇಡದೆ ಒಂದೊಂದು ನಿಮಿಷ ಓದಿಸಿ, ಸರಿ ಓದಿದ ಪದ ಎಣಿಸಿ. ಒಂದೇ ಪಾಠ ಎರಡು ಸಲ ಬೇಡ, ಎರಡನೇ ಸಲ ಹೇಗೂ ಚೆನ್ನಾಗಿ ಬರುತ್ತದೆ ಅಲ್ವಾ.

ಮೊದಲು ಕಣ್ಣು, ಕಿವಿ ತೋರಿಸಿ. ಸಾಲು ತಪ್ಪುವುದಕ್ಕೆ ದಪ್ಪ ರಟ್ಟಿನಲ್ಲಿ ಒಂದು ಸಾಲು ಕಾಣುವಷ್ಟು ಕಿಂಡಿ ಕೊಯ್ದು ಪುಟದ ಮೇಲೆ ಸರಿಸುತ್ತಾ ಓದಿಸಿ. ಒತ್ತಕ್ಷರವನ್ನು ಬಿಡಿಸಿ ಹೇಳಿಸಿ: 'ಹಕ್ಕಿ'ಗೆ ಹಕ್, ಕಿ. ಹೇಳುತ್ತಲೇ ಬೆರಳಿನಿಂದ ಅಕ್ಕಿಯ ಮೇಲೆ ಬರೆಯಲಿ. ಸ್ವಲ್ಪ ಸ್ವಲ್ಪ, ಆದರೆ ದಿನಾ.

ಶಾಲೆಯ ಮೂಲಕ ಬ್ಲಾಕ್ ಮಟ್ಟದ ಶಿಕ್ಷಣ ಸಂಪನ್ಮೂಲ ಕೇಂದ್ರ ಅಂದರೆ ಬಿಆರ್‌ಸಿಯ ಸ್ಪೆಷಲ್ ಎಜುಕೇಟರ್‌ಗೆ ಹೇಳಿ. ಒಂದು ಮಾತು ಗಟ್ಟಿಯಾಗಿ ಕೇಳಿ: ಅವನ ಓದನ್ನು ಕನ್ನಡದಲ್ಲೇ ಪರೀಕ್ಷಿಸಬೇಕು. ಮನೆಯಲ್ಲಿ ಆಡದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮಾತ್ರ ನೋಡಿದರೆ ಭಾಷೆ ಬಾರದ್ದು ಯಾವುದು, ಓದಿನ ತೊಡಕು ಯಾವುದು ಅಂತ ತಿಳಿಯುವುದಿಲ್ಲ. ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ಬಹಳ ಮುಖ್ಯ. ಡಿಸ್ಲೆಕ್ಸಿಯಾದಂಥ ಕಲಿಕೆಯ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಸೇರಿದೆ. ಹಾಗಾಗಿ ಸಂಕೋಚ ಬೇಡ.

ಬದಿಯಡ್ಕದ ಅಮ್ಮ:
ತುಂಬಾ ಉಪಕಾರ ಟೀಚರ್. ಕನ್ನಡಕ ಬೇಡ ಅಂತ ಇವರಿಗೂ ಹೇಳಿದೆ. ಸೋಮವಾರ ಶಾಲೆಗೆ ಹೋಗುತ್ತೇನೆ. ರಟ್ಟಿನ ಕಿಂಡಿ ಎಷ್ಟು ಉದ್ದ ಇರಬೇಕು?

ಕುಂಬಳೆ ಟೀಚರ್:
ಪುಸ್ತಕದ ಸಾಲಿನಷ್ಟೇ ಉದ್ದ. ಎತ್ತರ ಸ್ವಲ್ಪ ಜಾಸ್ತಿ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಮುಚ್ಚಿಹೋಗುತ್ತದೆ.