ಸಹಾಯ ಬೇಕು: ಅಮ್ಮನಿಗೆ ಬ್ಲೂಬೆಲ್ ಕಾಡು ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮ ಊರಿಂದ ಬಂದು ಲಂಡನ್ನಿನಲ್ಲಿ ನಮ್ಮ ಜೊತೆ ಇದ್ದಾರೆ. ಹರ್ಟ್‌ಫರ್ಡ್‌ಶೈರ್‌ನ ಆಶ್ರಿಜ್‌ನಲ್ಲಿ ಡಾಕಿ ವುಡ್ ಅಂತ ಪುಟ್ಟ ಕಾಡಿದೆ. ಏಪ್ರಿಲ್ ಕೊನೆಗೆ, ಬೀಚ್ (beech) ಮರಗಳ ಹೊಸ ಎಲೆ ದಟ್ಟವಾಗುವ ಮುಂಚೆ, ನೆಲದ ತುಂಬ ನೀಲಿ ಬಣ್ಣದ ಬ್ಲೂಬೆಲ್ ಹೂ. ಕಳೆದ ವರ್ಷ ಬಗ್ಗಿ ನೋಡಿದ್ದೆ: ಒಂದೇ ಕಡೆಗೆ ಬಾಗಿದ ದಂಟು, ತುದಿ ಹಿಂದಕ್ಕೆ ಸುರುಳಿಯಾದ ಎಸಳು. ಅಮ್ಮನಿಗೆ ತೋರಿಸಲೇಬೇಕು ಅನ್ನಿಸಿತು.

ಆದರೆ ಅವರಿಗೆ ಮಂಡಿನೋವು. ಟ್ರಿಂಗ್ ಸ್ಟೇಷನ್‌ನಲ್ಲಿ ಇಳಿದರೆ ಟ್ಯಾಕ್ಸಿ ಸುಲಭವಾಗಿ ಸಿಗುತ್ತದಾ? ಮಳೆ ಬಂದ ಮಾರನೇ ದಿನ ಕಾಲುದಾರಿ ಜಾಸ್ತಿ ಕೆಸರಾಗಿರುತ್ತದಾ? ದಾರಿ ಬಿಟ್ಟು ಕಾಲಿಡುವ ಹಾಗಿಲ್ಲ ಅಲ್ವಾ, ಎಲೆ ತುಳಿದರೆ ಆ ಗಿಡ ಸುಧಾರಿಸಿಕೊಳ್ಳಲು ವರ್ಷಗಳೇ ಬೇಕು. ಮಧ್ಯೆ ಕೂರಲು ಮಡಚುವ ಕುರ್ಚಿ ಒಯ್ಯಬೇಕಾ? ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಿ.